ಪ್ರತಿ ಇದ್ದರೆ ಸಾಲದು, ಮರಳಿ ಕಟ್ಟಲು ಬರಬೇಕು



ಈ ಪತ್ರಿಕೆಯಲ್ಲಿ ಕಾಯಕದ ಬಗ್ಗೆ, ದಾಸೋಹದ ಬಗ್ಗೆ ಪೂಜ್ಯರೂ ವಿದ್ವಾಂಸರೂ ಬಹಳ ಬರೆದಿದ್ದಾರೆ. ನಾನು ವಿದ್ವಾಂಸನಲ್ಲ. ಶೃಂಗೇರಿ ಪಕ್ಕದ ಮೆಣಸೆಯಲ್ಲಿ ಮನೆ ಮಾಡಿಕೊಂಡು, ಸುತ್ತಲಿನ ಮೂರು ತಾಲ್ಲೂಕುಗಳ ಸಂಘ-ಸಂಸ್ಥೆಗಳ ಲೆಕ್ಕಪತ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕಾಯಕ. ಆ ಕಾಯಕದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿ, ಆಮೇಲೆ ನಮ್ಮ ಮಠಗಳಿಗೂ ಸಂಸ್ಥೆಗಳಿಗೂ ಒಂದು ಬಿನ್ನಹ ಮಾಡಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಡೆಯ ಒಂದು ಸಹಕಾರ ಸಂಘದ ಲೆಕ್ಕವನ್ನೆಲ್ಲ ಡೇಟಾಬೇಸಿಗೆ ಏರಿಸಿದವನು ನಾನೇ. ದಿನಾ ರಾತ್ರಿ ಅದರ ಬ್ಯಾಕಪ್, ಎಂದರೆ ಪೂರ್ತಿ ಪ್ರತಿ, ತಾನಾಗಿಯೇ ಆಗುವಂತೆ ವ್ಯವಸ್ಥೆ ಮಾಡಿದ್ದೆ. ಆಯಾ ದಿನದ ತಾರೀಖಿನ ಹೆಸರಿನಲ್ಲಿ ಒಂದೊಂದು ಫೈಲು ಬಂದು ಕೂರುತ್ತಿತ್ತು. ಕಾರ್ಯದರ್ಶಿಗಳು ಬೆಳಿಗ್ಗೆ ಬಂದು ‘ಇವತ್ತಿನದೂ ಬಂದಿದೆ’ ಎಂದು ನೋಡಿ ಸಮಾಧಾನ ಪಡುತ್ತಿದ್ದರು. ನಾನೂ ಅಷ್ಟೇ.

ಮೇ ತಿಂಗಳ ಕೊನೆಯಲ್ಲಿ ಗುಡುಗು ಮಳೆ ಬಂತು. ಮಲೆನಾಡಿನವರಿಗೆ ಗೊತ್ತು, ಮುಂಗಾರಿಗೆ ಮುಂಚಿನ ಆ ಸಿಡಿಲು ಹೇಗಿರುತ್ತದೆ ಎಂದು. ಯುಪಿಎಸ್ ಸುಟ್ಟಿತು, ಸರ್ವರ್ ಸುಟ್ಟಿತು, ಒಳಗಿನ ಎರಡೂ ಹಾರ್ಡ್‌ಡಿಸ್ಕ್ ಹೋದವು. ‘ಚಿಂತೆ ಬೇಡ, ಪೆನ್‌ಡ್ರೈವಿನಲ್ಲಿ ದಿನಾ ಪ್ರತಿ ಹೋಗುತ್ತಿದೆ’ ಎಂದು ನಾನು ಧೈರ್ಯವಾಗಿ ಹೇಳಿದೆ. ತೆಗೆದು ನೋಡಿದರೆ ಮೂವತ್ತು ದಿನದ ಮೂವತ್ತು ಫೈಲುಗಳಿದ್ದವು. ಒಂದೊಂದರ ಗಾತ್ರ ಇಪ್ಪತ್ತು ಬೈಟ್. ಎಂದರೆ ಒಳಗೆ ಏನೂ ಇಲ್ಲ. ಖಾಲಿ ಚೀಲಕ್ಕೆ ಹೊಲಿಗೆ ಹಾಕಿ ಅಟ್ಟಕ್ಕೆ ಏರಿಸಿದಂತೆ.

ಆದದ್ದು ಇಷ್ಟು. ಹಿಂದಿನ ಡಿಸೆಂಬರಿನಲ್ಲಿ ನನ್ನದೇ ಸಲಹೆಯ ಮೇಲೆ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದೆವು. ಬ್ಯಾಕಪ್ ಮಾಡುವ ಆಜ್ಞೆಯಲ್ಲಿ ಹಳೆಯ ಪಾಸ್‌ವರ್ಡೇ ಉಳಿದಿತ್ತು. ಒಳಗೆ ಹೋಗಲು ಬಿಡದೆ ಡೇಟಾಬೇಸು ಬಾಗಿಲು ಹಾಕಿಕೊಂಡಿತು. ಬಂದದ್ದನ್ನು ಕುಗ್ಗಿಸಿ ಕಟ್ಟುವ ಇನ್ನೊಂದು ತಂತ್ರಾಂಶ, ಬಂದದ್ದು ಏನೂ ಇಲ್ಲದಿದ್ದರೂ ತನ್ನ ಕೆಲಸ ತಾನು ಮಾಡಿ, ದಿನಾ ಒಂದು ಖಾಲಿ ಕಟ್ಟನ್ನು ಇಟ್ಟುಹೋಯಿತು. ಜಾಗ ಸಾಲದೆಂದು ಮೂವತ್ತು ದಿನಕ್ಕಿಂತ ಹಳೆಯದನ್ನು ಅಳಿಸುವಂತೆಯೂ ನಾನೇ ಬರೆದಿದ್ದೆ. ಹೀಗಾಗಿ ಅದು ಒಳ್ಳೆಯ ಪ್ರತಿಗಳನ್ನೆಲ್ಲ ಅಳಿಸಿ, ಖಾಲಿ ಪ್ರತಿಗಳನ್ನು ಜೋಪಾನ ಮಾಡಿತು. ಪಾಸ್‌ವರ್ಡ್ ಬದಲಿಸುವ ಮುನ್ನ ಮನೆಗೆ ಒಯ್ದಿದ್ದ ಒಂದು ಪ್ರತಿ ಮಾತ್ರ ಉಳಿಯಿತು. ಡಿಸೆಂಬರಿನಿಂದ ಮೇವರೆಗಿನ ಐದು ತಿಂಗಳು ಇಲ್ಲವಾಯಿತು. ಬೆಳೆಸಾಲ ಕಟ್ಟುವ ಮಾರ್ಚ್ ತಿಂಗಳು ಅದರೊಳಗೇ ಬಂತು.

ರಸೀದಿ ಪುಸ್ತಕದ ಅಡಿಪ್ರತಿ, ಪಿಗ್ಮಿ ಸಂಗ್ರಹದವರ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಇವನ್ನೆಲ್ಲ ಹರಡಿಕೊಂಡು ವಾರಗಟ್ಟಲೆ ಕೂತೆವು. ಕಂಪ್ಯೂಟರ್ ಬಂದ ಮೇಲೆ ಅಡಿಪ್ರತಿ ಬರೆಯುವುದನ್ನು ಅರ್ಧಂಬರ್ಧ ಬಿಟ್ಟಿದ್ದರು. ದೊಡ್ಡ ತೋಟದವರ ಲೆಕ್ಕ ಬೇಗ ಸರಿಹೋಯಿತು. ಅವರದು ಚೆಕ್ಕು, ಬ್ಯಾಂಕಿನಲ್ಲಿ ಹೆಸರು ಸಮೇತ ಇತ್ತು. ಉಳಿದದ್ದು ನಗದು ಕಟ್ಟಿದವರದು. ಆ ದಿನದ ಒಟ್ಟು ಮೊತ್ತ ಬ್ಯಾಂಕಿಗೆ ಹೋಗಿತ್ತು. ಯಾರ ದುಡ್ಡು ಎಂಬ ಹೆಸರು ಇರಲಿಲ್ಲ.

ಅವರಲ್ಲಿ ಒಬ್ಬ ತಾಯಿ ಇದ್ದರು. ಇಪ್ಪತ್ತು ಗುಂಟೆ ಅಡಿಕೆ, ಉಳಿದಂತೆ ಬೇರೆಯವರ ತೋಟದಲ್ಲಿ ಕೂಲಿ. ಎರಡು ಕಂತಿನಲ್ಲಿ ಸಾಲ ತೀರಿಸಿದ್ದೇನೆ ಎಂದರು. ಅದೇ ಮಳೆಗೆ ಅವರ ಮನೆಯ ಹಂಚು ಹಾರಿ, ಟ್ರಂಕಿನಲ್ಲಿದ್ದ ಚೀಟಿಗಳು ಮುದ್ದೆಯಾಗಿದ್ದವು. ಚೀಟಿ ಕೇಳಿದ ನನ್ನ ಮುಖ ನೋಡಿ ಅವರು ಹೇಳಿದ್ದು: ‘ಚೀಟಿ ಹೋದರೂ ಚಿಂತೆ ಇಲ್ಲಮ್ಮ, ಎಲ್ಲಾ ಕಂಪ್ಯೂಟರಲ್ಲಿ ಇರುತ್ತೆ ಅಂತ ನೀವೇ ಅಲ್ವೇನಪ್ಪಾ ಹೇಳಿದ್ದು?’

ನಾನೇ ಹೇಳಿದ್ದೆ.

ಎಲ್ಲರ ಲೆಕ್ಕವೂ ಕೂಡಿ ಕಳೆದು, ಕೊನೆಗೆ ಹೆಸರಿಲ್ಲದೆ ಉಳಿದ ಮೊತ್ತ ಅವರ ಮಾತಿಗೆ ಸರಿಯಾಗಿ ಹೊಂದಿತು. ಆಡಳಿತ ಮಂಡಳಿ ಒಪ್ಪಿತು. ಆದರೆ ಅಷ್ಟು ಹೊತ್ತಿಗೆ ನವೆಂಬರ್ ಬಂದಿತ್ತು. ಆ ಆರು ತಿಂಗಳು ಅವರು ಪುಸ್ತಕದಲ್ಲಿ ಸುಸ್ತಿದಾರರು. ಸುಸ್ತಿದಾರರಿಗೆ ಹೊಸ ಸಾಲ ಇಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಸಲು ಅವರು ಹೊರಗೆ ಬಡ್ಡಿಗೆ ದುಡ್ಡು ತಂದರು. ಆ ಬಡ್ಡಿಯನ್ನು ಯಾವ ಬ್ಯಾಕಪ್ಪೂ ಅವರಿಗೆ ಮರಳಿಸಲಿಲ್ಲ.

ಈ ಪ್ರಸಂಗದಿಂದ ನಾನು ಕಲಿತದ್ದು ಎರಡು. ಒಂದು, ಪ್ರತಿ ಮಾಡಿಡುವುದು ಬೇರೆ, ಆ ಪ್ರತಿಯಿಂದ ಮರಳಿ ಕಟ್ಟುವುದು ಬೇರೆ. ಎರಡು, ಲೆಕ್ಕ ಕಳೆದುಹೋದಾಗ ಎಲ್ಲರಿಗೂ ಸಮನಾಗಿ ನಷ್ಟವಾಗುವುದಿಲ್ಲ. ಉಳ್ಳವನ ಹತ್ತಿರ ಅವನದೇ ಪ್ರತಿಗಳಿರುತ್ತವೆ: ವಕೀಲರ ಹತ್ತಿರ, ಆಡಿಟರ ಹತ್ತಿರ, ಬ್ಯಾಂಕಿನಲ್ಲಿ. ಇಲ್ಲದವನ ಪಾಲಿಗೆ ಸಂಸ್ಥೆಯ ನೆನಪೇ ಅವನ ನೆನಪು. ಆದ್ದರಿಂದ ಇದು ಬರೀ ತಾಂತ್ರಿಕ ವಿಷಯವಲ್ಲ, ಸಮಾನತೆಯ ವಿಷಯ ಎಂದು ನಾನು ತಿಳಿದಿದ್ದೇನೆ.

ಪ್ರತಿಯ ಬೆಲೆ ಬಲ್ಲ ಸಮಾಜವೇನಾದರೂ ಇದ್ದರೆ ಅದು ನಮ್ಮದು. ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬುದನ್ನು ಮಕ್ಕಳಾಗಿದ್ದಾಗಿನಿಂದ ಕೇಳಿದ್ದೇವೆ. ತಾಳೆಗರಿಗೆ ಆಯುಷ್ಯವಿದೆ. ಗೆದ್ದಲು, ಹುಳು, ತೇವ ಅದರ ಶತ್ರುಗಳು. ಇಂದು ನಮಗೆ ದೊರೆತಿರುವ ವಚನದ ಕಟ್ಟುಗಳು ನಂತರದ ಶತಮಾನಗಳಲ್ಲಿ ಮಾಡಿದ ಪ್ರತಿಗಳು, ಪ್ರತಿಗಳ ಪ್ರತಿಗಳು. ಊರೂರಿನ ಮಠಗಳಲ್ಲಿ, ಮನೆಗಳ ಜಗುಲಿಯ ಮೇಲೆ ಬೇರೆ ಬೇರೆ ಕಡೆ ಇದ್ದದ್ದರಿಂದಲೇ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಉಳಿಯಿತು.

ಉಳಿದದ್ದಷ್ಟೇ ಸಾಲಲಿಲ್ಲ. ಚದುರಿದ್ದನ್ನು ಯಾರೋ ಮರಳಿ ಕಟ್ಟಬೇಕಿತ್ತು. ಶಿವಗಣಪ್ರಸಾದಿ ಮಹಾದೇವಯ್ಯಗಳಿಂದ ಗೂಳೂರು ಸಿದ್ಧವೀರಣಾರ್ಯರವರೆಗೆ ನಾಲ್ವರು ಶೂನ್ಯಸಂಪಾದನೆಯನ್ನು ಕಟ್ಟಿದರು. ಇಪ್ಪತ್ತನೆಯ ಶತಮಾನದಲ್ಲಿ ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಕಟ್ಟುಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅಟ್ಟದ ಮೇಲಿದ್ದಾಗ ಅದು ಬರೀ ಕಟ್ಟು. ಬಿಚ್ಚಿ, ಓದಿ, ಹೊಂದಿಸಿ, ಅಚ್ಚು ಹಾಕಿದ ಮೇಲೆ ಅದು ವಚನ.

ಹಾಗೆ ಹೊಂದಿಸಲು ಅವರಿಗೆ ನೆರವಾದದ್ದು ಅಂಕಿತ. ಬಿಡಿ ಗರಿಯೊಂದು ಸಿಕ್ಕರೂ ಕೊನೆಯ ಅಂಕಿತ ನೋಡಿ ಇದು ಯಾರದು ಎಂದು ಹೇಳಬಹುದಿತ್ತು. ಇಂದಿನ ಸಂಬಂಧಾತ್ಮಕ ಡೇಟಾಬೇಸಿನ ಗುಟ್ಟೂ ಅದೇ. 1970ರಲ್ಲಿ ಎಡ್ಗರ್ ಕಾಡ್ ಎಂಬ ಐಬಿಎಂ ಸಂಸ್ಥೆಯ ಗಣಿತಜ್ಞರು ಈ ಮಾದರಿಯನ್ನು ಮುಂದಿಟ್ಟರು. ಸದಸ್ಯರದು ಒಂದು ಪಟ್ಟಿ, ಸಾಲದ್ದು ಒಂದು ಪಟ್ಟಿ, ರಸೀದಿಯದು ಇನ್ನೊಂದು. ಮೂರನ್ನೂ ಹಿಡಿದಿರುವುದು ಸದಸ್ಯ ಸಂಖ್ಯೆ ಎಂಬ ಒಂದು ಅಂಕಿತ. ಅದು ಕಳಚಿದರೆ ದುಡ್ಡು ಇರುತ್ತದೆ, ಯಾರದೆಂದು ತಿಳಿಯುವುದಿಲ್ಲ. ಆ ತಾಯಿಯ ವಿಷಯದಲ್ಲಿ ಆದದ್ದು ಇದೇ.

ಅದಕ್ಕೇ ಡೇಟಾಬೇಸನ್ನು ಫೋಟೋ ಫೈಲಿನಂತೆ ಎಳೆದು ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು ತಪ್ಪು. ಕೆಲಸ ನಡೆಯುತ್ತಿರುವಾಗಲೇ ಸಾಲದ ಪಟ್ಟಿಯನ್ನು ಹತ್ತು ಗಂಟೆಗೂ ರಸೀದಿಯ ಪಟ್ಟಿಯನ್ನು ಹತ್ತೂ ಐದಕ್ಕೂ ನಕಲು ಮಾಡಿದರೆ, ನಡುವಿನ ಐದು ನಿಮಿಷದಲ್ಲಿ ಕಟ್ಟಿದವರ ಲೆಕ್ಕ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇರುವುದಿಲ್ಲ. ಎಲ್ಲ ಪಟ್ಟಿಗಳೂ ಒಂದೇ ಗಳಿಗೆಯ ಸ್ಥಿತಿಯಲ್ಲಿ ಸಿಗುವಂತೆ ಪ್ರತಿ ತೆಗೆಯುವ ಸೌಲಭ್ಯವನ್ನು ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ನಂಥ ಉಚಿತ ಡೇಟಾಬೇಸುಗಳೂ ಕೊಡುತ್ತವೆ. ಅದನ್ನೇ ಬಳಸಬೇಕು.

ಇನ್ನೊಂದು ಉಪಾಯವೂ ಇದೆ. ಹಳೆಯ ಲೆಕ್ಕಿಗರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅವರ ಹತ್ತಿರ ಕಿರ್ದಿ ಇತ್ತು, ಖತಾವಣಿ ಇತ್ತು. ದಿನದಿನದ ವ್ಯವಹಾರ ನಡೆದ ಕ್ರಮದಲ್ಲಿ ಕಿರ್ದಿಗೆ, ಅಲ್ಲಿಂದ ಆಯಾ ಹೆಸರಿಗೆ ಖತಾವಣಿಗೆ. ಖತಾವಣಿ ಸುಟ್ಟರೂ ಹಿಂದಿನ ವರ್ಷದ ಶಿಲ್ಕಿನ ಮೇಲೆ ಕಿರ್ದಿಯನ್ನು ಸಾಲುಸಾಲಾಗಿ ಏರಿಸಿ ಮತ್ತೆ ಕಟ್ಟುತ್ತಿದ್ದರು. ಡೇಟಾಬೇಸೂ ಒಳಗೊಳಗೇ ಇಂಥ ಕಿರ್ದಿಯನ್ನು ಬರೆಯಬಲ್ಲದು. ಅದಕ್ಕೆ ಲಾಗ್ ಎನ್ನುತ್ತಾರೆ. ವಾರಕ್ಕೊಮ್ಮೆಯ ಪೂರ್ತಿ ಪ್ರತಿ, ಅಲ್ಲಿಂದೀಚಿನ ಲಾಗ್ ಇವೆರಡನ್ನೂ ಬೇರೆ ಕಡೆ ಕಾಪಾಡಿದ್ದರೆ, ಮಂಗಳವಾರ ಮಧ್ಯಾಹ್ನ ಮೂರಕ್ಕೆ ಯಾರೋ ತಪ್ಪಿ ಅಳಿಸಿದ ಲೆಕ್ಕವನ್ನು ಎರಡೂ ಐವತ್ತೊಂಬತ್ತರ ಸ್ಥಿತಿಗೆ ಮರಳಿಸಬಹುದು. ‘ಎರಡು ಸರ್ವರ್ ಇದೆ, ಒಂದರದ್ದು ಇನ್ನೊಂದಕ್ಕೆ ತಕ್ಷಣ ಹೋಗುತ್ತದೆ, ಬ್ಯಾಕಪ್ ಏಕೆ?’ ಎಂದು ಕೆಲವರು ಕೇಳುತ್ತಾರೆ. ಅಳಿಸಿದ್ದೂ ತಕ್ಷಣ ಹೋಗುತ್ತದೆ, ಅದಕ್ಕೆ.

ಇದು ಮಲೆನಾಡಿನ ಬಡ ಸಂಘದ ಕಥೆ ಮಾತ್ರ ಎಂದು ತಿಳಿಯಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ದಣಿದ ಇಂಜಿನಿಯರೊಬ್ಬರು ಬೇರೊಂದು ಸರ್ವರ್ ಎಂದು ತಿಳಿದು ಮುಖ್ಯ ಡೇಟಾಬೇಸನ್ನೇ ಅಳಿಸಿದರು. ತಡೆಯುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಅವರಲ್ಲಿ ಐದು ಬಗೆಯ ಪ್ರತಿವ್ಯವಸ್ಥೆಗಳಿದ್ದವು. ಒಂದೂ ನೆಚ್ಚಿಕೊಂಡಂತೆ ಒದಗಲಿಲ್ಲ. ಡೇಟಾಬೇಸಿನ ಆವೃತ್ತಿಗೂ ಪ್ರತಿ ತೆಗೆಯುವ ಸಾಧನದ ಆವೃತ್ತಿಗೂ ಹೊಂದದೆ ಒಂದು ಬ್ಯಾಕಪ್ ದಿನಾ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಮಿಂಚಂಚೆಯೂ ತಲುಪುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕಾರಣಕ್ಕೆ ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಸಂಸ್ಥೆಯಲ್ಲಿ ನಾನು ಮೆಚ್ಚಿದ್ದು ಒಂದಿದೆ: ನಡೆದದ್ದನ್ನೆಲ್ಲ ಮುಚ್ಚಿಡದೆ ಲೋಕದ ಮುಂದೆ ಬರೆದಿಟ್ಟರು.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ 858 ಟೆರಾಬೈಟ್ ದತ್ತಾಂಶ ಹೋಯಿತು. ಗಾತ್ರ ಬಹಳ ದೊಡ್ಡದೆಂದು ಅದಕ್ಕೆ ಹೊರಗೆಲ್ಲೂ ಪ್ರತಿ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದ ಪಾಡು ಇದು.

ನಮ್ಮ ನಾಡಿನಲ್ಲೂ ಲೆಕ್ಕವೆಲ್ಲ ಕಾಗದದಿಂದ ಡೇಟಾಬೇಸಿಗೆ ಹೋಗಿ ಕಾಲು ಶತಮಾನವಾಯಿತು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಆ ದತ್ತಾಂಶ ನಮೂದಿಸಿದ ಸಾವಿರಾರು ಹುಡುಗರಲ್ಲಿ ನಾನೂ ಒಬ್ಬ. ಅಲ್ಲಿಯವರೆಗೆ ಪಹಣಿ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾದಾಗ ರೈತರ ಮುಖದಲ್ಲಿ ಕಂಡ ಬಿಡುಗಡೆಯನ್ನು ನಾನು ಮರೆತಿಲ್ಲ. ಆದ್ದರಿಂದ ಕಂಪ್ಯೂಟರ್ ಬೇಡ, ಹಳೆಯದೇ ಚೆಂದ ಎಂದು ನಾನು ಹೇಳಲಾರೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದ ನಾಡು ಇದು. ಆ ವಿಶ್ವಾಸವನ್ನು ಈಗ ಯಂತ್ರದೊಳಗೆ ಇಡುತ್ತಿದ್ದೇವೆ. ಇಡುವವರು ಕಾಯುವುದನ್ನೂ ಕಲಿಯಬೇಕು.

ನಮ್ಮ ಮಠಗಳ ಕಡೆಗೆ ಬರೋಣ. ಪ್ರಸಾದ ನಿಲಯದ ಮಕ್ಕಳ ದಾಖಲೆ, ಶಾಲೆ-ಕಾಲೇಜಿನ ಅಂಕಪಟ್ಟಿ, ದಾಸೋಹದ ಕಾಣಿಕೆ, ಸಿಬ್ಬಂದಿಯ ಭವಿಷ್ಯನಿಧಿ, ಗ್ರಂಥಾಲಯದ ಹಸ್ತಪ್ರತಿಗಳ ಪಟ್ಟಿ ಎಲ್ಲವೂ ಈಗ ಡೇಟಾಬೇಸಿನಲ್ಲಿ. ಕೇಳಿದರೆ ಬರುವ ಉತ್ತರ ಒಂದೇ: ‘ಬ್ಯಾಕಪ್ ಇದೆ, ನಮ್ಮ ಹುಡುಗ ನೋಡಿಕೊಳ್ಳುತ್ತಾನೆ.’ ಆ ಹುಡುಗ ಬೆಂಗಳೂರಿಗೆ ಹೋದರೆ? ಪಾಸ್‌ವರ್ಡ್ ಅವನ ತಲೆಯಲ್ಲೇ ಇದ್ದರೆ? ಅವನು ಕೊನೆಯ ಸಲ ಪ್ರತಿಯನ್ನು ತೆರೆದು ನೋಡಿದ್ದು ಯಾವಾಗ?

ಇದನ್ನೆಲ್ಲ ಒಂದು ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ‘ಆಯ್ದಕ್ಕಿ ಲಕ್ಕಮ್ಮ ಗಂಡ ತಂದ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದಳು. ನಾಳೆಗೆ ಕೂಡಿಡುವುದು ಶರಣರ ದಾರಿಯೇ?’ ನಾನು ಯೋಚಿಸಿದೆ. ಲಕ್ಕಮ್ಮ ಬೇಡವೆಂದದ್ದು ತನಗಾಗಿ ಕೂಡಿಡುವುದನ್ನು. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ಪರರ ಹಣದ ಲೆಕ್ಕದಲ್ಲಿ ಸಡಿಲಾದವರಲ್ಲ. ಸಂಸ್ಥೆಯ ಡೇಟಾಬೇಸು ನಮ್ಮ ಸಂಪತ್ತಲ್ಲ, ಪರರು ನಂಬಿ ಕೊಟ್ಟದ್ದು. ಅದನ್ನು ಕಾಯುವುದು ಸಂಗ್ರಹವಲ್ಲ, ಕಾಯಕ.

‘ಎಲ್ಲ ಕ್ಲೌಡಿನಲ್ಲಿದೆ’ ಎನ್ನುವವರೂ ಇದ್ದಾರೆ. ಕ್ಲೌಡ್ ಎಂದರೆ ಬೇರೆಯವರ ಕಂಪ್ಯೂಟರು. ಬಾಡಿಗೆ ಕಟ್ಟುವುದು ತಪ್ಪಿದರೆ, ಪಾಸ್‌ವರ್ಡ್ ಕಳ್ಳನ ಕೈಗೆ ಸಿಕ್ಕರೆ ಅಲ್ಲಿಂದಲೂ ಹೋಗುತ್ತದೆ. ಅದು ಒಂದು ಪ್ರತಿಯಾಗಲಿ, ಒಂದೇ ಪ್ರತಿಯಾಗದಿರಲಿ. ಪ್ರತಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು ಎಂಬ ಆತಂಕ ಮಾತ್ರ ನಿಜವಾದದ್ದು. ಬಡಮಕ್ಕಳ ವಿವರ ಬೀದಿಗೆ ಬೀಳಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಆ ಹೊಣೆಯನ್ನು ನಮ್ಮ ಮೇಲೆ ಹೊರಿಸುತ್ತದೆ. ಹೊರಗೆ ಹೋಗುವ ಪ್ರತಿಗೆ ಗೂಢಲಿಪಿಯ ಬೀಗ ಹಾಕಬೇಕು, ಕೀಲಿಯನ್ನು ಅದರ ಜೊತೆಗೇ ಇಡಬಾರದು.

ನನ್ನ ಬಿನ್ನಹ ಇಷ್ಟು. ಪ್ರತಿ ಸಂಸ್ಥೆಯೂ ಮೊದಲು ಎರಡು ಪ್ರಶ್ನೆಗೆ ಉತ್ತರ ಬರೆದಿಡಲಿ: ಕಳೆದುಹೋದರೆ ಎಷ್ಟು ದಿನದ ಲೆಕ್ಕ ಹೋದರೆ ತಡೆದುಕೊಳ್ಳಬಲ್ಲೆವು? ಮರಳಿ ಕಟ್ಟಲು ಎಷ್ಟು ದಿನ ಕಾಯಬಲ್ಲೆವು? ಕಾಯುವವರು ನಾವಲ್ಲ, ಆ ತಾಯಿಯಂಥವರು ಎಂಬುದನ್ನು ನೆನಪಿಟ್ಟುಕೊಂಡು ಉತ್ತರಿಸಲಿ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಸರಳ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ನಮಗೆ ಇದು ಕಷ್ಟವಲ್ಲ. ಮಲೆನಾಡಿನ ಸಂಸ್ಥೆಯ ಒಂದು ಪ್ರತಿ ಬಯಲುಸೀಮೆಯ ಮಠದ ತಿಜೋರಿಯಲ್ಲಿರಲಿ, ಅವರದು ನಮ್ಮಲ್ಲಿರಲಿ. ಒಂದು ಪ್ರತಿ ಯಾವ ತಂತಿಗೂ ಜೋಡಿಸದೆ ಇರಲಿ. ಒತ್ತೆಹಣ ಕೇಳುವ ವೈರಸ್ ಜೋಡಿಸಿದ್ದನ್ನೆಲ್ಲ ಬೀಗ ಹಾಕುತ್ತದೆ. ಪಾಸ್‌ವರ್ಡುಗಳು ಮುಚ್ಚಿದ ಲಕೋಟೆಯಲ್ಲಿ ಪೂಜ್ಯರ ಬಳಿ ಇರಲಿ. ಬದಲಾದಾಗ ಲಕೋಟೆಯೂ ಬದಲಾಗಲಿ. ನಗದು ಕಟ್ಟಿದವರಿಗೆ ಕಾಗದದ ರಸೀದಿ ತಪ್ಪದಿರಲಿ, ಅಡಿಪ್ರತಿ ಉಳಿಯಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು. ನಮ್ಮ ಕಡೆ ಬಿತ್ತನೆ ಭತ್ತವನ್ನು ಅಟ್ಟದ ಮೇಲೆ ಜೋಪಾನ ಮಾಡುತ್ತಾರೆ. ಮಳೆಗಾಲಕ್ಕೆ ಮುಂಚೆ ಒಂದು ಹಿಡಿ ತೆಗೆದು, ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುತ್ತಾರೆ. ಮೊಳಕೆ ನೋಡದೆ ಸಸಿಮಡಿಗೆ ಹಾಕುವ ರೈತನಿಲ್ಲ. ಬ್ಯಾಕಪ್ಪಿಗೂ ಮೊಳಕೆ ನೋಡಬೇಕು. ವರ್ಷಕ್ಕೊಮ್ಮೆಯಾದರೂ ಪ್ರತಿಯನ್ನು ತೆಗೆದು, ಬೇರೊಂದು ಕಂಪ್ಯೂಟರಿನಲ್ಲಿ, ಅದನ್ನು ಮಾಡಿದವನಲ್ಲದ ಇನ್ನೊಬ್ಬರು, ಬರೆದಿಟ್ಟ ಸೂಚನೆಯನ್ನಷ್ಟೇ ಓದಿಕೊಂಡು ಮರಳಿ ಕಟ್ಟಲಿ. ಸದಸ್ಯರ ಸಂಖ್ಯೆ ಸರಿಯಿದೆಯೇ, ಒಟ್ಟು ಶಿಲ್ಕು ಹೊಂದುತ್ತದೆಯೇ ನೋಡಲಿ. ಹತ್ತು ಹೆಸರು ಆರಿಸಿ ಅವರ ಕೈಯ ರಸೀದಿಯೊಂದಿಗೆ ತಾಳೆ ಹಾಕಲಿ. ಆ ಹತ್ತರಲ್ಲಿ ನಗದು ಕಟ್ಟುವವರೇ ಹೆಚ್ಚಿರಲಿ. ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ತಪ್ಪಿತು ಎಂಬುದನ್ನು ಸರ್ವಸದಸ್ಯರ ಸಭೆಯಲ್ಲಿ ಓದಿ ಹೇಳಲಿ.

ಇದಕ್ಕೆ ಒಂದು ದಿನ ಬೇಕಾದರೆ ಬಸವ ಜಯಂತಿಯ ವಾರ ಇದೆ. ಅದು ಬರುವುದು ಮುಂಗಾರಿನ ಹೊಸ್ತಿಲಲ್ಲಿ, ಸಿಡಿಲಿನ ಕಾಲದಲ್ಲಿ. ಮೆರವಣಿಗೆ, ಉಪನ್ಯಾಸ, ದಾಸೋಹ ಎಲ್ಲವೂ ಆಗಲಿ. ಅದರ ಮಾರನೆಯ ದಿನ ಇಬ್ಬರು ಕೂತು ಈ ಕೆಲಸವನ್ನೂ ಮುಗಿಸಲಿ.

ಆ ಸಂಘದಲ್ಲಿ ಈಗ ಪ್ರತಿವರ್ಷ ಹೀಗೆ ಮಾಡುತ್ತಿದ್ದೇವೆ. ಮೊದಲ ವರ್ಷ ಮರಳಿ ಕಟ್ಟಲು ಎರಡು ದಿನ ಹಿಡಿಯಿತು, ಬರೆದಿಟ್ಟ ಸೂಚನೆಯಲ್ಲಿ ಏಳು ತಪ್ಪು ಸಿಕ್ಕವು. ಈಗ ಅರ್ಧ ದಿನದ ಕೆಲಸ. ತಾಳೆ ಹಾಕುವ ಹತ್ತು ಹೆಸರಿನಲ್ಲಿ ಆ ತಾಯಿಯ ಹೆಸರು ಪ್ರತಿ ಸಲ ಇರುತ್ತದೆ. ಅವರು ರಸೀದಿಗಳನ್ನು ಈಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರುತ್ತಾರೆ, ನನ್ನ ಪಕ್ಕದಲ್ಲೇ ಕೂತು ಪರದೆಯನ್ನು ನೋಡುತ್ತಾರೆ. ‘ಈ ಸಲ ಇದೆಯೇನಪ್ಪಾ?’ ಎಂದು ಕೇಳುತ್ತಾರೆ. ತೋರಿಸಿದ ಮೇಲೆಯೇ ಏಳುತ್ತಾರೆ. ಅವರು ಹಾಗೆ ಕೇಳುವುದು ಸರಿ. ನಾವೆಲ್ಲರೂ ನಮ್ಮ ನಮ್ಮ ಸಂಸ್ಥೆಗಳಲ್ಲಿ ಹಾಗೆ ಕೇಳಬೇಕು.